ನಾನು ಸತ್ತ ಮೇಲೆ ಅಡಿಗಲ್ಲು ಯಾರದು

ನಮ್ಮ ಪಕ್ಕದ ಓಣಿಯಲ್ಲಿ ಒಬ್ಬ ಬಡಗಿ ಇದ್ದ. ಹೊಸಪೇಟೆಯ ಹಳೆಯ ಮನೆಗಳ ಬಾಗಿಲುಗಳಲ್ಲಿ ಅವನ ಕೈಕೆಲಸ ಈಗಲೂ ಇದೆ. ಅವನು ಸತ್ತ ಹದಿಮೂರನೆಯ ದಿನ ನೆಂಟರು ಉಂಡು ಕೈತೊಳೆದು, ಅವನ ಸಾಮಾನಿನ ಪೆಟ್ಟಿಗೆಯನ್ನು ನಡುಮನೆಗೆ ತಂದು ತೆಗೆದರು. ನೆನಪಿಗೆ ಇರಲಿ ಅಂತ ಒಬ್ಬೊಬ್ಬರು ಒಂದೊಂದು ಎತ್ತಿಕೊಂಡರು. ಹತ್ತರಿಯ ಕಟ್ಟಿಗೆಯನ್ನು ತಮ್ಮನ ಮಗ ಚೋರನೂರಿಗೆ ಒಯ್ದ. ಅದೇ ಹತ್ತರಿಯ ಅಲಗನ್ನು ಅಳಿಯ ಕಾಗದದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡು ಸಂಡೂರಿನ ಬಸ್ಸು ಹತ್ತಿದ. ಹೋಗುವಾಗ ಇಬ್ಬರೂ ಅತ್ತರು. ಇಬ್ಬರಲ್ಲಿ ಒಬ್ಬನೂ ಅದರಿಂದ ಒಂದು ಹಲಗೆ ಕೆರೆಯಲಾರ.

ನಾನು ಅಲ್ಲೇ ಎಂಜಲೆಲೆ ಎತ್ತುತ್ತಿದ್ದೆ. ಮನೆಗೆ ಬಂದು ನಮ್ಮ ಕುಲುಮೆಯ ಮುಂದೆ ನಿಂತು ಒಂದೇ ಮಾತು ಅಂದುಕೊಂಡೆ. ನನ್ನ ಸಾಮಾನು ಹೀಗೆ ಹೋಗಬಾರದು. ಬಾಯಿ ಇರುವಾಗಲೇ ಹೇಳಿ ಮುಗಿಸಬೇಕು.

ನಾನು ಕಮ್ಮಾರಗಿತ್ತಿ. ವಯಸ್ಸು ಎಷ್ಟೋ ಸರಿಯಾಗಿ ಗೊತ್ತಿಲ್ಲ. ಆಧಾರ್ ಕಾರ್ಡಿನವರು ಎತ್ತಿನ ಹಲ್ಲು ನೋಡಿದ ಹಾಗೆ ನನ್ನ ಮುಖ ನೋಡಿ ಒಂದು ವರ್ಷ ಹಾಕಿದ್ದಾರೆ. ಎಪ್ಪತ್ತಂತೂ ದಾಟಿದೆ. ಅಕ್ಷರ ಕಲಿತದ್ದು ಐವತ್ತಾದ ಮೇಲೆ, ಓಣಿಯ ಹೆಂಗಸರ ಸಂಘದಲ್ಲಿ. ಒತ್ತಕ್ಷರ ಬಂದರೆ ಈಗಲೂ ಎಡವುತ್ತೇನೆ. ನಾನು ಬರೆದ ಇದನ್ನು ಸೊಸೆ ತಿದ್ದಿದ್ದಾಳೆ. ಅಕ್ಷರ ತಿದ್ದು, ಮಾತು ತಿದ್ದಬೇಡ ಅಂತ ಹೇಳಿದ್ದೇನೆ.

ಕಮ್ಮಾರರ ಮನೆಯಲ್ಲಿ ಗಂಡಸು ಕೂತು ಇಕ್ಕಳ ಹಿಡಿಯುತ್ತಾನೆ, ಹೆಂಗಸು ನಿಂತು ಉದ್ದ ಹಿಡಿಯ ದೊಡ್ಡ ಸುತ್ತಿಗೆ, ಚಮ್ಮಟಿಗೆ, ಹೊಡೆಯುತ್ತಾಳೆ. ಅಡಿಗಲ್ಲು ಅಂದರೆ ಹೆಸರಿಗೆ ಕಲ್ಲು, ಮರದ ದಿಮ್ಮಿಯ ಮೇಲೆ ಕೂರಿಸಿದ ಕಬ್ಬಿಣದ ಗಟ್ಟಿ. ಅವನು ಕಾದ ಕಬ್ಬಿಣವನ್ನು ಅದರ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ಟಕ್ ಅಂತ ಜಾಗ ತೋರಿಸುತ್ತಾನೆ. ಅವಳು ಅದೇ ಜಾಗಕ್ಕೆ ಚಮ್ಮಟಿಗೆ ಬಿಡಬೇಕು. ನೋಡಿದವರು ಗಂಡಸಿನ ಕೈಚಳಕ ಅನ್ನುತ್ತಾರೆ. ಬೆವರು ಹೆಂಗಸಿನದು. ನಾನು ಮದುವೆಯಾಗಿ ಬಂದ ತಿಂಗಳೇ ಚಮ್ಮಟಿಗೆ ಹಿಡಿದವಳು. ಎರಡು ಬಸಿರಿನಲ್ಲೂ ಏಳನೆಯ ತಿಂಗಳವರೆಗೆ ಹೊಡೆದೆ. ಸುತ್ತಲ ಗುಡ್ಡಗಳ ತುಂಬ ಅದಿರಿದ್ದರೂ ನಮ್ಮ ಕಬ್ಬಿಣ ಬರುವುದು ಮರಿಯಮ್ಮನಹಳ್ಳಿ ರಸ್ತೆಯ ಗುಜರಿಯಿಂದ, ಮುರಿದ ಲಾರಿಗಳ ಕಮಾನು ಪಟ್ಟಿಗಳಿಂದ. ಅದರಲ್ಲಿ ಭತ್ತದ ಕುಡುಗೋಲು, ಬಾಳೆಗೊನೆಯ ಕತ್ತಿ, ಕಬ್ಬು ಕಡಿಯುವ ಕತ್ತಿ ಮಾಡುತ್ತಿದ್ದೆವು. ಹಂಪಿಯ ಕಡೆಯ ಕಲ್ಲುಕೆಲಸದವರು ಉಳಿಗಳನ್ನು ಹದ ಹಾಕಿಸಲು ತರುತ್ತಿದ್ದರು.

ನನ್ನ ಗಂಡ ಎಡಚ. ಸುತ್ತಿಗೆ ಎಡಗೈಯಲ್ಲಿ, ಇಕ್ಕಳ ಬಲಗೈಯಲ್ಲಿ. ಗಂಡಸಾದ್ದರಿಂದ ಯಾರೂ ಏನೂ ಅನ್ನಲಿಲ್ಲ. ನನ್ನ ಮಗಳೂ ಹಾಗೇ ಹುಟ್ಟಿದಳು. ಅವಳಿಗೆ ಎಲ್ಲರೂ ಅಂದರು. ನಮ್ಮತ್ತೆ ಅವಳ ಎಡಗೈಗೆ ಬಟ್ಟೆ ಸುತ್ತಿ ಕಟ್ಟಿ ಊಟಕ್ಕೆ ಕೂರಿಸುತ್ತಿದ್ದಳು. ನಾನು ಸೌಟಿನಿಂದ ಹೊಡೆದಿದ್ದೇನೆ. ಮುಚ್ಚಿಡುವುದು ಯಾಕೆ.

ನಮ್ಮ ಮನೆತನದಲ್ಲಿ ಒಂದು ಪದ್ಧತಿ. ಕುಲುಮೆಯ ಯಜಮಾನ ಸತ್ತರೆ ಅಡಿಗಲ್ಲನ್ನು ಮಲಗಿಸುತ್ತಾರೆ. ಮರದ ದಿಮ್ಮಿಯಿಂದ ಕಿತ್ತು, ನೆಲದ ಮೇಲೆ ಪಕ್ಕಕ್ಕೆ ಉರುಳಿಸಿ, ಬೂದಿ ಸವರಿ ಬಿಡುತ್ತಾರೆ. ಹದಿಮೂರನೆಯ ದಿನ ಮಗ ಅದನ್ನು ಎತ್ತಿ ದಿಮ್ಮಿಯ ಮೇಲೆ ನಿಲ್ಲಿಸಬೇಕು. ಎತ್ತಿದವನದೇ ಕುಲುಮೆ. ಕಾಗದ ಪತ್ರ ಏನೂ ಇಲ್ಲ, ಅದೇ ಕಾಗದ.

ಹದಿನೈದು ವರ್ಷದ ಕೆಳಗೆ ಗಂಡ ಸತ್ತಾಗ ಅಡಿಗಲ್ಲು ಮಲಗಿತು. ಆಗ ಕಾಲುವೆಯ ಕೆಳಗಿನ ಗದ್ದೆಗಳಲ್ಲಿ ಭತ್ತ ಬಾಗಿ ನಿಂತಿತ್ತು. ಐವತ್ತು ಕುಡುಗೋಲು ಕೊಡುತ್ತೇವೆ ಅಂತ ಅವನು ಮಾತು ಕೊಟ್ಟು ಸತ್ತಿದ್ದ. ಭತ್ತ ಹದಿಮೂರು ದಿನ ಕಾಯುತ್ತದೆಯೇ? ಐದನೆಯ ದಿನ ಬೆಳಿಗ್ಗೆ ಹಾರೆ ತಂದು, ಕೆಳಗೆ ಕಲ್ಲು ಕೊಟ್ಟು, ಒಬ್ಬಳೇ ಅಡಿಗಲ್ಲು ಎತ್ತಿ ನಿಲ್ಲಿಸಿದೆ. ಮೈದುನಂದಿರು ಬಾಗಿಲಲ್ಲಿ ನಿಂತು ಬೈದರು. ಬೈದು ಹೋದರು. ನಾನು ಬೆಂಕಿ ಹಾಕಿದೆ, ಚಮ್ಮಟಿಗೆಗೆ ಕೂಲಿಯವಳೊಬ್ಬಳನ್ನು ಕರೆದೆ. ಅವನ ಹಾಗೇ ಕೂತೆ, ಅವನ ಹಾಗೇ ಸುತ್ತಿಗೆ ಎಡಗೈಗೆ ತೆಗೆದುಕೊಂಡೆ. ನನ್ನದು ಬಲಗೈ. ಆದರೆ ನಲವತ್ತು ವರ್ಷ ಎದುರಿಗೆ ನಿಂತು ನೋಡಿದ ಕೆಲಸ ಅದೊಂದೇ ರೀತಿಯದು, ಬೇರೆ ರೀತಿ ನನಗೆ ತಿಳಿಯದು. ಮೊದಲ ಕುಡುಗೋಲುಗಳು ಸೊಟ್ಟಗೆ ಬಂದವು. ತಗೊಂಡರೆ ತಗೊಳ್ರಿ, ಇಲ್ಲಂದ್ರ ಹಲ್ಲಿಲೆ ಕೊಯ್ಕೊಳ್ರಿ ಅಂದೆ. ತೆಗೆದುಕೊಂಡರು. ವರ್ಷದೊಳಗೆ ಕೈ ಕೂತಿತು. ಆಮೇಲೆ ಅದು ಎಡಗೈ ಅನ್ನುವುದೇ ಮರೆತುಹೋಯಿತು.

ಈಗ ಎರಡು ವರ್ಷದಿಂದ ಆ ಭುಜ ಮೇಲೇಳುವುದಿಲ್ಲ. ಬೆಂಕಿ ಹಾಕಿಲ್ಲ. ಬಡಗಿಯ ಮನೆಯ ಊಟ ಉಂಡು ಬಂದ ವರ್ಷ ಆಯುಧ ಪೂಜೆಗೆ ನೆಂಟರೆಲ್ಲ ಸೇರಿದ್ದರು. ಕುಂಬಳಕಾಯಿ ಒಡೆದ ಮೇಲೆ ಎಲ್ಲರ ಮುಂದೆ ಹೇಳಿದೆ, "ನಾನು ಸತ್ತಮ್ಯಾಲೆ ಅಡಿಗಲ್ಲು, ಇಕ್ಕಳ, ಸುತ್ತಿಗಿ, ಎಲ್ಲಾ ಮಗನಿಗೆ. ಒಂದೂ ಅತ್ತಾಗಿತ್ತಾಗ ಹೋಗಂಗಿಲ್ಲ. ಕೇಳಿಸ್ತೇನು ಎಲ್ಲಾರ್ಗೂ?"

ಪದ್ಧತಿಯಂತೆ ಹೇಳಿದೆ. ಮಗನಿಗೆ ಮರಿಯಮ್ಮನಹಳ್ಳಿ ರಸ್ತೆಯಲ್ಲಿ ವೆಲ್ಡಿಂಗ್ ಅಂಗಡಿ ಇದೆ. ಒಳ್ಳೆಯ ಕೆಲಸಗಾರ. ಕಬ್ಬಿಣ ತಿಳಿದವನು, ಇವತ್ತಲ್ಲ ನಾಳೆ ಬೆಂಕಿ ಹಾಕುತ್ತಾನೆ ಅಂತ ನನ್ನ ಲೆಕ್ಕ.

ಮಾರನೆಯ ದಿನವೇ ಅವನು ಟೇಪು ಹಿಡಿದು ಕುಲುಮೆಗೆ ಬಂದ. ಅಡಿಗಲ್ಲಿನ ಉದ್ದ ಅಗಲ ಅಳೆದು ಕೈಮೇಲೆ ಪೆನ್ನಿನಲ್ಲಿ ಬರೆದುಕೊಂಡ.

"ಏನಲೇ, ಅದಕ್ಕ ಅಂಗಿ ಹೊಲಿಸ್ತೀಯೇನು?"

"ಶೋಕೇಸ್ ಬೇ. ಹೊಸಾ ಮನ್ಯಾಗ ಹಾಲಿನ ಗ್ವಾಡಿಗೆ ಗ್ಲಾಸಿಂದು ಮಾಡಸ್ತೀನಿ. ಅಡಿಗಲ್ಲು ನಡುವ, ಇಕ್ಕಳ ಸುತ್ತಲೂ. ಒಳಗ ಲೈಟ್ ಹಾಕಿಸ್ತೀನಿ. ಹಂಪಿ ಕಡೆ ಒಂದು ರೆಸಾರ್ಟಿಗೆ ಗೇಟ್ ಮಾಡಾಕ ಹೋಗಿದ್ದೆ, ಅಲ್ಲಿ ಇಟ್ಟಾರ, ಭಾಳ ಮಸ್ತ್ ಕಾಣ್ತೈತಿ."

"ಬೆಂಕಿ?"

"ಯಾವ ಬೆಂಕಿ?"

"ಕುಲುಮಿ ಬೆಂಕಿ. ಬಡಿಯೋದು."

"ಈಗ್ಯಾರ್ ಬಡೀತಾರ ಬೇ? ಅಪ್ಪ ಕುಂತು ಬಡದ ಸಾಮಾನು ಅದು. ದಿನಾ ಹೂವು ಏರಿಸ್ತೀನಿ, ಊದುಬತ್ತಿ ಹಚ್ಚತೀನಿ. ಧೂಳು ಕೂಡ್ರಾಕ ಬಿಡಂಗಿಲ್ಲ."

"ಹಂಗಾರ ನಾನು ಸತ್ತಮ್ಯಾಲೆ ನನ್ನೂ ಅದರಾಗ ಕುಂದ್ರಿಸು. ಲೈಟ್ ಹೆಂಗೂ ಇರ್ತೈತಿ."

ಅವನಿಗೆ ಬೇಸರವಾಯಿತು. ಅವನು ದುರಾಸೆಯವನಲ್ಲ, ಗುಜರಿಗೆ ಹಾಕುವವನೂ ಅಲ್ಲ. ಗುಜರಿಗೆ ಹಾಕಿದರೆ ಕಬ್ಬಿಣ ಕರಗಿ ಇನ್ನೊಂದು ಏನೋ ಆಗುತ್ತದೆ. ಗಾಜಿನೊಳಗೆ ಇಟ್ಟರೆ ಏನೂ ಆಗುವುದಿಲ್ಲ. ಅಡಿಗಲ್ಲು ಏಟು ತಿನ್ನುತ್ತಿರಬೇಕು, ಇಕ್ಕಳ ಕಾಯುತ್ತಿರಬೇಕು. ನಾನು ಅವನ ಜೊತೆ ಒಂದು ವಾರ ಮಾತು ಬಿಟ್ಟೆ. ಅವನು ಶೋಕೇಸ್ ಮಾಡಿಸಿಯೇ ಬಿಟ್ಟ.

ಅಷ್ಟರಲ್ಲಿ ಕಂಪ್ಲಿಯಿಂದ ಸುದ್ದಿ ಬಂತು. ಮಗಳನ್ನು ಕೊಟ್ಟದ್ದು ಅಲ್ಲಿನ ಕುಲುಮೆಯ ಮನೆಗೆ. ಅಳಿಯನಿಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋಗಿತ್ತು. ಮಗಳೇ ಕುಲುಮೆ ನಡೆಸುತ್ತಾಳಂತೆ ಅಂತ ಯಾರೋ ಹೇಳಿದರು. ನಾನು ಆಧಾರ್ ಕಾರ್ಡು ಸೊಂಟಕ್ಕೆ ಸಿಕ್ಕಿಸಿಕೊಂಡು ಬಸ್ಸು ಹತ್ತಿದೆ. ಕಮಲಾಪುರ ದಾಟಿದರೆ ಬಾಳೆ, ಆಮೇಲೆ ಭತ್ತ, ಕಂಪ್ಲಿ ಹತ್ತಿರ ಬಂದಂತೆ ಕಬ್ಬು. ಕತ್ತಿ ಬೇಕಾದವರಿಗೆ ಅಲ್ಲಿ ಬರವಿಲ್ಲ.

ಅಳಿಯ ಕುಲುಮೆಯೊಳಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದ. ಬಲಗೈ ಯಾರದೋ ಸಾಮಾನಿನ ಹಾಗೆ ತೊಡೆಯ ಮೇಲೆ ಬಿದ್ದಿತ್ತು. ಬಾಯಿ ಮಾತ್ರ ಗಟ್ಟಿ.

"ಬರ್ರಿ ಅತ್ತಿ, ಕುಂದರ್ರಿ. ನಿಮ್ ಮಗಳ ಕೈಚಳಕ ನೋಡ್ರಿ. ಏ, ಈಗ ತೆಗಿ, ಈಗ ತೆಗಿ, ಸತ್ತೋತು ನೋಡು ಬಣ್ಣ!"

"ನಿಮ್ ಬಾಯಿ ಸ್ವಲ್ಪ ತಣ್ಣಗಾದ್ರ ಕಬ್ಬಿಣ ಬಿಸಿ ಉಳೀತೈತ್ರಿ," ಅಂದಳು ಮಗಳು ಬೆಂಕಿಯಿಂದ ಮುಖ ತಿರುಗಿಸದೆ.

ಅವಳು ಕಾದ ಪಟ್ಟಿಯನ್ನು ಹೊರಗೆ ತೆಗೆದಳು. ಇಕ್ಕಳ ಬಲಗೈಯಲ್ಲಿ, ಸುತ್ತಿಗೆ ಎಡಗೈಯಲ್ಲಿ. ಒಂದು ಏಟು, ಎರಡು ಏಟು. ಮೂರನೆಯದಕ್ಕೆ ಪಟ್ಟಿಯ ಹಿಂದಿನ ತುದಿ ತಿರುಗಿ ಅವಳ ಮಣಿಕಟ್ಟಿಗೆ ಬಂದಿತು. ಅವಳು ಕೈ ಎಳೆದುಕೊಂಡಳು, ಪಟ್ಟಿ ನೆಲಕ್ಕೆ ಬಿತ್ತು. ಮಣಿಕಟ್ಟಿನ ತುಂಬ ಅಂಥವೇ ಸುಟ್ಟ ಬರೆಗಳು, ಹಳೆಯವು, ಹೊಸವು. ಮೂಲೆಯಲ್ಲಿ ಕೆಟ್ಟುಹೋದ ಕತ್ತಿಗಳ ರಾಶಿ.

"ಹಾವು ಹಿಡ್ದಂಗ ಹಿಡೀತಿಯಲ್ಲೇ ಅದನ್ನ," ಅಂದೆ.

"ಇಪ್ಪತ್ತೈದು ವರ್ಷ ಬರೇ ಸಮ್ಮಟಿಗಿ ಕೊಟ್ಟು ನಿಂದ್ರಿಸಿ, ಈಗ ಒಮ್ಮೆಲೇ ಇಕ್ಕಳ ಹಿಡಿ ಅಂದ್ರ ಎಲ್ಲಿಂದ ಬರ್ತೈತಿ ಯವ್ವಾ?"

"ನಂಗ ಬರ್ಲಿಲ್ಲೇನು? ಎಡಗೈ ಮುಂದ ಮಾಡಿದ್ರ ಹಿಂಗ ಆಗೋದು."

ಅವಳು ಇಕ್ಕಳ ಕೆಳಗಿಟ್ಟಳು. ಸಿಟ್ಟೂ ಮಾಡಲಿಲ್ಲ. "ಆತು ಬಿಡು. ಈ ಸುಗ್ಗಿಗೆ ಕತ್ತಿ ಕೊಡ್ತೀನಿ ಅಂತ ಹೇಳೀನಿ. ಆಗ್ಲಿಲ್ಲಂದ್ರ ಬಾಗ್ಲ ಹಾಕಿ ಅಕ್ಕಿ ಗಿರಣಿಗೆ ಕೂಲಿಗೆ ಹೋಗ್ತೀನಿ."

ಅಳಿಯ ಬಿದ್ದ ಕೈಯನ್ನು ತೊಡೆಯ ಮೇಲೆ ಸರಿಸಿಟ್ಟುಕೊಂಡ. ಗೋಡೆಯ ಕಡೆ ನೋಡತೊಡಗಿದ. ನಾನು ಚಹಾ ಕುಡಿದು ಎದ್ದೆ. ಬಸ್ಸಿನಲ್ಲಿ ಬರುವಾಗ ಮಗಳ ಮೇಲೆಯೇ ಸಿಟ್ಟು ಬಂತು. ಎರಡೂ ಕುಲುಮೆ ಹೀಗೆ ಮುಳುಗಬೇಕೇ, ಒಂದು ಗಾಜಿನೊಳಗೆ, ಇನ್ನೊಂದು ಬೀಗದೊಳಗೆ?

ಮನೆಗೆ ಬಂದವಳೇ ಮಗನಿಗೆ ಹೇಳಿದೆ, "ನೋಡು, ಒಂದು ಕುಡುಗೋಲು ಮಾಡು ನನ್ನ ಮುಂದ. ಒಂದೇ. ಮಾಡಿದಿ ಅಂದ್ರ ಗ್ಲಾಸಿನಾಗ ಇಡ್ತೀಯೋ, ತಲಿಮ್ಯಾಗ ಇಟ್ಕೊಂಡು ತಿರುಗ್ತೀಯೋ, ನಾನು ಬಾಯಿ ಬಿಡಂಗಿಲ್ಲ. ಆಗ್ಲಿಲ್ಲಂದ್ರ ನಾನು ಹೇಳಿದಂಗ."

"ಕುಡುಗೋಲು ಏನ್ ಬೇ, ಲಾರಿ ಚಾಸಿ ಜೋಡಿಸಾಂವ ನಾನು."

"ಮಾತು ಬ್ಯಾಡ. ಇದ್ದಿಲು ತಾ."

ಭಾನುವಾರ ಬೆಳಿಗ್ಗೆ ಬ್ಲೋವರ್ ಹಾಕಿ ಬೆಂಕಿ ಮಾಡಿದ. ಎರಡು ವರ್ಷದ ಮೇಲೆ ಆ ಸದ್ದು ಕೇಳಿ ಓಣಿಯ ನಾಯಿಗಳು ಬಂದು ನಿಂತವು. ಸೊಸೆ ಮೊಬೈಲು ಹಿಡಿದು ವಿಡಿಯೋ ಮಾಡಲು ನಿಂತಳು. ಅವನು ಪಟ್ಟಿ ಕಾಯಿಸಿದ. ಕಾದ ಬಣ್ಣ ಸರಿಯಾಗಿ ಗುರುತು ಹಿಡಿದ, ಸುಳ್ಳು ಹೇಳಬಾರದು. ಇಕ್ಕಳ ಎಡಗೈಗೆ ತೆಗೆದುಕೊಂಡು, ಬಲಗೈಯಲ್ಲಿ ಸುತ್ತಿಗೆ ಎತ್ತಿದ. ಒಂದು ಏಟು, ಎರಡು ಏಟು. ಪಟ್ಟಿಯ ಹಿಂದಿನ ತುದಿ ತಿರುಗಿ ಅವನ ಮಣಿಕಟ್ಟಿಗೆ ಮುತ್ತು ಕೊಟ್ಟಿತು. ಅವನು "ಯವ್ವಾ!" ಅಂತ ಇಕ್ಕಳ ಸಮೇತ ಎಸೆದ. ನಾಯಿಗಳು ಓಡಿದವು. ಸೊಸೆ ನಕ್ಕಳು.

"ನಗ್ಬ್ಯಾಡ! ಇಕ್ಕಳದ ಬಾಯಿನೇ ಸೊಟ್ಟ ಐತಿ. ನೋಡ್ರಿ ಇಲ್ಲಿ, ಹೊಟ್ಟಿ ಕಡೀಗೆ ತಿರುಗೈತಿ."

ಸೊಟ್ಟ ಎಲ್ಲಿಂದ ಬಂತು, ಹದಿಮೂರು ವರ್ಷ ನಾನೇ ಹಿಡಿದಿದ್ದೇನೆ ಅಂತ ಬೈಯಲು ಬಾಯಿ ತೆಗೆದೆ. ಇಕ್ಕಳ ಎತ್ತಿಕೊಂಡೆ. ಬಲಗೈ ತಾನಾಗಿ ಅದನ್ನು ಹಿಡಿದುಕೊಂಡಿತು. ಬಾಯಿ ಹೊರಗಡೆಗೆ ತಿರುಗಿತ್ತು. ಎಡಗೈಗೆ ಬದಲಿಸಿದೆ. ಬಾಯಿ ನನ್ನ ಹೊಟ್ಟೆಯ ಕಡೆ ಬಂತು.

ಇಕ್ಕಳದ ಬಾಯಿ ಒಂದು ಪಕ್ಕಕ್ಕೆ ಬಾಗಿರುತ್ತದೆ, ಹಿಡಿದ ಪಟ್ಟಿಯ ತುದಿ ಕೈಗೆ ತಾಗದೆ ಹೊರಗೆ ಹೋಗಲಿ ಅಂತ. ಎಲ್ಲರ ಇಕ್ಕಳವೂ ಎಡಗೈಯಲ್ಲಿ ಹಿಡಿಯುವುದಕ್ಕೆ ಮಾಡಿದ್ದು, ಯಾಕೆಂದರೆ ಎಲ್ಲರ ಸುತ್ತಿಗೆ ಬಲಗೈಯಲ್ಲಿ. ನನ್ನ ಗಂಡ ತನ್ನ ಇಕ್ಕಳಗಳನ್ನು ತಾನೇ ಬಡಿದುಕೊಂಡಿದ್ದ. ಎಂಟು ಇಕ್ಕಳ. ಒಂದೊಂದಾಗಿ ಎತ್ತಿ ನೋಡಿದೆ. ಎಂಟೂ ಎಡಚನವು.

ಕಂಪ್ಲಿಯಲ್ಲಿ ಮಗಳ ಕೈ ಸುಡುತ್ತಿದ್ದದ್ದು ಬಲಗೈಯವನಾದ ಅವಳ ಗಂಡನ ಇಕ್ಕಳದಿಂದ. ಅವಳ ಕೈ ಕೆಟ್ಟದ್ದಲ್ಲ. ನಾನು ಎದುರಿಗೆ ಕೂತು ಚಹಾ ಕುಡಿಯುತ್ತ ನೋಡಿದೆ, ನನಗೆ ಕಾಣಲಿಲ್ಲ. ಹದಿಮೂರು ವರ್ಷ ಅದೇ ಕೈಯಲ್ಲಿ ಅನ್ನ ದುಡಿದವಳಿಗೆ ಕಾಣಲಿಲ್ಲ. ಎಡಗೈ ಅಂತ ಬೈದು ಬಂದೆ.

ಮಗ ಮಣಿಕಟ್ಟಿಗೆ ಟೂತ್‌ಪೇಸ್ಟ್ ಹಚ್ಚಿಕೊಳ್ಳುತ್ತಿದ್ದ. "ಇನ್ನೊಮ್ಮೆ ಮಾಡ್ತೀನಿ ತಡಿ ಬೇ. ಬಾಯಿ ಕಾಯ್ಸಿ ಈ ಕಡೆ ತಿರುವ್ತೀನಿ."

"ಮುಟ್ಟಿದ್ರ ಕೈ ಕಡೀತೀನಿ," ಅಂದೆ.

ಹಾರೆ ತಂದೆ. ಅಡಿಗಲ್ಲಿನ ಬುಡಕ್ಕೆ ಕೊಟ್ಟು ಬಲ ಭುಜ ಹಾಕಿ ಮೀಟಿದೆ. ಬೀಳಿಸುವುದಕ್ಕೆ ಹೆಚ್ಚು ಬಲ ಬೇಡ. ಅದು ದಿಮ್ಮಿಯಿಂದ ಕಳಚಿ ನೆಲಕ್ಕೆ ಉರುಳಿತು. ಒಲೆಯ ಬೂದಿ ಹಿಡಿದು ಮೇಲೆ ಸವರಿದೆ.

ಸೊಸೆ ಮೊಬೈಲು ಕೆಳಗೆ ಹಾಕಿದಳು. "ಅತ್ತಿ! ಏನ್ ಮಾಡಿದ್ರಿ! ಜೀವಂತ ಇರೂಮುಂದ ಯಾರರ ಮಲಗಿಸ್ತಾರೇನ್ರಿ? ಸಾವು ಕರದಂಗ ಆತು!"

"ಕರದ್ರ ಬರ್ಲಿ. ಅದಕ್ಕೂ ಚಾ ಮಾಡು."

ಅರ್ಧ ಗಂಟೆಯಲ್ಲಿ ಸುದ್ದಿ ಓಣಿ ಸುತ್ತಿತು. ಅಡಿಗಲ್ಲು ಮಲಗಿದರೆ ಕಮ್ಮಾರರ ಮನೆಯಲ್ಲಿ ಒಂದೇ ಅರ್ಥ. ನನ್ನ ಓರಗೆಯ ಮುದುಕಿಯೊಬ್ಬಳು ಸೆರಗು ಬಾಯಿಗಿಟ್ಟುಕೊಂಡು, ಅಳುವಿನ ರಾಗ ತೆಗೆದೇ ಒಳಗೆ ಬಂದಳು. ನಾನು ಹೊಸ್ತಿಲಲ್ಲಿ ಕೂತು ಅಡಿಕೆ ಒಡೆಯುತ್ತಿದ್ದೆ.

"ಇನ್ನೂ ಐದೀಯೇನ?"

"ಐದೀನಿ. ಕುಂದ್ರು. ಎಲಿ ಹಾಕ್ಕೊಂಡು ಹೋಗು."

"ಸುಮ್ನ ಓಡಿ ಬಂದೆ ನೋಡು, ಒಲಿಮ್ಯಾಗ ಸಾರಿಟ್ಟು," ಅಂತ ನನ್ನ ಮೇಲೆಯೇ ಸಿಟ್ಟು ಮಾಡಿದಳು.

ಮಗ ಅಕ್ಕನಿಗೆ ಫೋನು ಮಾಡಿದ. ಅವ್ವ ಅಡಿಗಲ್ಲು ಮಲಗಿಸ್ಯಾಳ ಅಂದ, ಉಳಿದದ್ದು ಹೇಳುವಷ್ಟರಲ್ಲಿ ಅವಳು ಫೋನು ಇಟ್ಟಿದ್ದಳು. ಮಧ್ಯಾಹ್ನದ ಬಸ್ಸಿಗೆ ಬಂದಳು. ಮುಖದ ಮೇಲೆ ಇದ್ದಿಲ ಮಸಿ ಹಾಗೇ ಇತ್ತು. ನನ್ನನ್ನು ನೋಡಿ ಬಾಗಿಲಿನಲ್ಲೇ ನಿಂತಳು. ಆಮೇಲೆ ಬೈಗುಳ ಶುರುವಾಯಿತು. ಬೈಯಲಿ ಅಂತ ಬಿಟ್ಟೆ. ದಾರಿಯುದ್ದಕ್ಕೂ ನಾನು ಸತ್ತೆ ಅಂತ ಬಂದವಳು, ಅಷ್ಟಾದರೂ ಬೈಯಬಾರದೇ.

ಅವಳಿಗೆ ಉಸಿರು ಸಾಕಾದಾಗ ಒಂದು ಇಕ್ಕಳವನ್ನು ಅವಳ ಬಲಗೈಗೆ ಕೊಟ್ಟೆ. ತಣ್ಣನೆಯ ಪಟ್ಟಿಯೊಂದನ್ನು ಮುಂದೆ ಹಿಡಿದೆ. "ಹಿಡಿ."

ಹಿಡಿದಳು. ಪಟ್ಟಿಯ ತುದಿ ಅವಳ ಕೈಯಿಂದ ಗೇಣು ದೂರ ಹೊರಗೆ ನಿಂತಿತು. ಅವಳು ಬಿಟ್ಟು ಮತ್ತೆ ಹಿಡಿದಳು. ಅಲುಗಾಡಿಸಿದಳು. ಎಡಗೈಯಲ್ಲಿ ಸುತ್ತಿಗೆ ಇದ್ದ ಹಾಗೆ ಗಾಳಿಯಲ್ಲಿ ಎರಡು ಏಟು ಹೊಡೆದಳು. ತುದಿ ಕದಲಲಿಲ್ಲ.

"ಅಪ್ಪನ ಇಕ್ಕಳ ಹಿಂಗದಾವಂತ ನನಗ ಯಾರೂ ಹೇಳ್ಲೇ ಇಲ್ಲಲ್ಲ ಯವ್ವಾ," ಅಂದಳು.

"ನಿನಗ ಮುಟ್ಟಾಕ ಯಾರ್ ಬಿಟ್ಟಿದ್ರು? ಸೌಟಿಲೆ ಹೊಡದಾಕಿ ನಾನಾ."

"ನೆನಪೈತಿ."

"ಇರ್ಲಿ. ನಾನೂ ಮರೀ ಅನ್ನಾಂಗಿಲ್ಲ. ಎಲ್ಲಾ ನೀನು ಒಯ್ಯಿ. ಅಡಿಗಲ್ಲು ಸೈತ. ನಿಮ್ಮ ಅಡಿಗಲ್ಲು ನಡು ಸವೆದು ತಾಟಿನಂಗ ಆಗೈತಿ, ನೋಡೀನಿ."

ಅವಳು ಇಕ್ಕಳವನ್ನು ಮೆಲ್ಲಗೆ ಕೆಳಗಿಟ್ಟಳು. "ಬ್ಯಾಡ. ಎತ್ತಾಂವ ತಮ್ಮ. ಹೆಣ್ಮಗಳಿಗೆ ಕುಲುಮಿ ಕೊಟ್ಟದ್ದು ನಮ್ಮ ಮನ್ಯಾಗ ಎಂದೂ ಇಲ್ಲ. ಅವನ ಮಾರಿ ನೋಡು."

ಮಗನ ಮುಖ ನಿಜಕ್ಕೂ ಚಿಕ್ಕದಾಗಿತ್ತು. "ಸಾಮಾನಿನ ಆಸೆ ಅಲ್ಲಕ್ಕಾ. ಮಗ ಇದ್ದೂ ಮಗಳಿಗೆ ಕೊಟ್ಲು, ಮಗ ಕೆಲಸಕ್ಕ ಬಾರದಾಂವ ಅಂತ ಮಂದಿ ಅಂತಾರ. ಪೂಜಾದಾಗ ಎಲ್ಲಾರ ಮುಂದ ನನಗ ಅಂತ ಹೇಳ್ಯಾಳ."

"ಹೇಳಿದ್ದೆ. ತಪ್ಪು ಹೇಳಿದ್ದೆ," ಅಂದೆ. "ಈಗ ತಿದ್ದತೀನಿ. ಮಂದಿ ಬಂದು ಕಬ್ಬಿಣ ಬಡೀತಾರೇನು? ಬಡಿಯೂದಾದ್ರ ಬರ್ಲಿ, ಸಮ್ಮಟಿಗಿ ಕೊಡ್ತೀನಿ. ಎತ್ತಿದವರದೇ ಕುಲುಮಿ ಹೌದಿಲ್ಲೋ? ನಿಮ್ಮಪ್ಪ ಸತ್ತಾಗ ಎತ್ತಿದಾಕಿ ನಾನು. ನೀನು ಹದಿಮೂರನೇ ದಿನ ಕುಲುಮಿಗೆ ಬಂದು, ನಿಂತಿದ್ದ ಅಡಿಗಲ್ಲಿಗೆ ಹೂವು ಹಾಕಿದಿ. ಹಂಗಾರ ಕುಲುಮಿ ನಂದು. ನನ್ನದನ್ನ ನಾನು ಯಾರಿಗೆ ಬೇಕಾದ್ರೂ ಕೊಡ್ತೀನಿ."

ಹದಿನೈದು ವರ್ಷ ಯಾರೂ ಆ ಮಾತು ಬಾಯಿಬಿಟ್ಟು ಆಡಿರಲಿಲ್ಲ, ನಾನೂ ಆಡಿರಲಿಲ್ಲ. ಮಗ ಎದ್ದು ಹೊರಗೆ ಹೋದ. ಹೋದವನು ಬರುವುದಿಲ್ಲ ಅಂದುಕೊಂಡೆವು. ಒಂದು ಗಂಟೆಯ ಮೇಲೆ ಲಗೇಜ್ ಆಟೋ ತಂದು ಬಾಗಿಲಿಗೆ ನಿಲ್ಲಿಸಿದ.

ಅಡಿಗಲ್ಲನ್ನು ಚೀಲದ ಮೇಲೆ ಉರುಳಿಸಿ ಆಟೋಗೆ ಏರಿಸಿದೆವು. ಎಂಟು ಇಕ್ಕಳ, ಸುತ್ತಿಗೆಗಳು, ಚಮ್ಮಟಿಗೆ, ಉಳಿಗಳು, ಅರಗಳು. ದಿಮ್ಮಿ ಅಗೆದರೆ ಬರಲಿಲ್ಲ, ಬಿಟ್ಟೆವು. ಕಂಪ್ಲಿಯಲ್ಲಿ ಅವರದೇ ಗಟ್ಟಿ ದಿಮ್ಮಿ ಇದೆ. ನಾನು ಮುಂದೆ ಡ್ರೈವರನ ಪಕ್ಕ ಕೂತೆ. ಅಕ್ಕ ತಮ್ಮ ಹಿಂದೆ ಅಡಿಗಲ್ಲಿನ ಆಚೆಗೊಬ್ಬರು ಈಚೆಗೊಬ್ಬರು.

ಅಳಿಯ ನೋಡಿ, "ಹದಿಮೂರು ದಿನ ಬ್ಯಾಡೇನ್ರಿ ಅತ್ತಿ?" ಅಂದ.

"ಅದು ಸತ್ತವರಿಗೆ. ಬದುಕಿದ್ದಾಕಿಗೆ ಇಷ್ಟ ಸಾಕು."

ಅವರ ಅಡಿಗಲ್ಲನ್ನು ಪಕ್ಕಕ್ಕೆ ಸರಿಸಿದರು. ಮಗಳು ಹಾರೆ ತೆಗೆದುಕೊಂಡಳು. ಬೀಳಿಸುವುದು ಬೇರೆ, ಎತ್ತುವುದು ಬೇರೆ. ಒಂದು ಬೆರಳಗಲ ಎತ್ತಿದರೆ ಕೆಳಗೆ ಕಲ್ಲು ಕೊಡಬೇಕು, ಮತ್ತೆ ಒಂದು ಬೆರಳಗಲ. ಅವಳ ಕೊರಳಿನ ನರ ಉಬ್ಬಿದ್ದವು. ಅರ್ಧಕ್ಕೆ ಬಂದಾಗ ಹಾರೆ ಜಾರಿತು, ಅಡಿಗಲ್ಲು ಮತ್ತೆ ನೆಲಕ್ಕೆ ಕೂತಿತು.

"ಹಿಡಿಯೋ ತಮ್ಮಾ, ನೋಡಿಕೋತ ನಿಂತೀಯಲ್ಲ, ಗಂಡಸು ಹೌದಿಲ್ಲೋ?" ಅಂದ ಅಳಿಯ, ನನ್ನ ಮಗನಿಗೆ.

ಮಗ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗೆ ನಿಂತಿದ್ದ. "ನಾನು ಮುಟ್ಟಾಂಗಿಲ್ಲ ಮಾವ. ಮುಟ್ಟಿದ್ರ ನಂದಾಗ್ತೈತಿ."

ಮಗಳು ಅವನನ್ನು ಒಮ್ಮೆ ನೋಡಿದಳು. ಸೆರಗು ಬಿಗಿದು ಮತ್ತೆ ಹಾರೆ ಕೊಟ್ಟಳು. ಎಷ್ಟು ಹೊತ್ತಾಯಿತೋ, ನಾನು ಎಲೆ ಅಡಿಕೆ ಎರಡು ಸಲ ಹಾಕಿದೆ. ಕೊನೆಗೆ ಅಡಿಗಲ್ಲು ದಿಮ್ಮಿಯ ಮೇಲೆ ಕೂತಾಗ ಅವಳು ಅದರ ಮೇಲೆ ಕೈಯಿಟ್ಟು ನಿಂತಳು, ಉಸಿರು ಸಿಗುವವರೆಗೆ. ಆಮೇಲೆ ಬೂದಿ ಒರೆಸಿದಳು. ಮಗ ಬೆನ್ನ ಹಿಂದಿನ ಕೈ ಬಿಟ್ಟದ್ದು ಆಗಲೇ.

ಬೆಂಕಿ ಮಾಡಿದರು, ಪಟ್ಟಿ ಕಾಯಿತು. ಮಗಳು ಕೂತು ಇಕ್ಕಳ ಹಿಡಿದಳು. ಆಗ ಎಲ್ಲರಿಗೂ ಹೊಳೆಯಿತು, ಚಮ್ಮಟಿಗೆಗೆ ಯಾರು? ಇಷ್ಟು ವರ್ಷ ಆ ಮನೆಯಲ್ಲಿ ಚಮ್ಮಟಿಗೆ ಹೊಡೆದವಳು ಅವಳೇ. ಗಂಡನ ಕೈ ಬಿದ್ದ ಮೇಲೆ ಒಬ್ಬಳೇ ಸಣ್ಣ ಸುತ್ತಿಗೆಯಲ್ಲೇ ಬಡಿಯುತ್ತಿದ್ದಳು. ನಾನು ಎದ್ದೆ. ಭುಜ ಏಳಲಿಲ್ಲ. ಅದೊಂದು ನಾನು ಯೋಚಿಸಿರಲಿಲ್ಲ, ಒಪ್ಪಿಕೊಳ್ಳುತ್ತೇನೆ.

ಮಗ ಬಂದು ಚಮ್ಮಟಿಗೆ ತೆಗೆದುಕೊಂಡ.

"ಅದು ಹೆಂಗಸರ ಕೆಲಸಲೇ," ಅಂದ ಅಳಿಯ.

"ನೀವು ಸುಮ್ನ ಬಣ್ಣ ನೋಡ್ರಿ ಮಾವ," ಅಂದು ಅವನು ಹಿಂದೆ ನಾನು ನಿಲ್ಲುತ್ತಿದ್ದ ಜಾಗದಲ್ಲಿ, ಅಡಿಗಲ್ಲಿನ ಎದುರಿಗೆ ಕಾಲು ಅಗಲಿಸಿ ನಿಂತ. ಮಗಳು ಟಕ್ ಅಂತ ಜಾಗ ತೋರಿಸಿದಳು. ಅವನು ಹೊಡೆದ. ಪಟ್ಟಿಯ ತುದಿ ಅವಳ ಕೈಗೆ ಬರಲಿಲ್ಲ.

ಆ ಸುಗ್ಗಿಯ ಕತ್ತಿಗಳನ್ನು ಹೇಳಿದ ದಿನಕ್ಕೆ ಕೊಟ್ಟರು. ಈಗ ಮಗ ಭಾನುವಾರ, ಅಂಗಡಿಗೆ ರಜೆಯಾದ ದಿನ, ಕಂಪ್ಲಿಗೆ ಹೋಗಿ ಬರುತ್ತಾನೆ. ಉಳಿದ ದಿನಗಳಿಗೆ ಮಗಳು ಅಲ್ಲಿನ ಓಣಿಯ ಒಬ್ಬ ಹೆಂಗಸನ್ನು ಕರೆದುಕೊಂಡಿದ್ದಾಳೆ, ತೋಳು ಗಟ್ಟಿ ಇದೆ. ನಮ್ಮ ಮನೆಯ ಗಾಜಿನ ಪೆಟ್ಟಿಗೆಯಲ್ಲಿ ಸೊಸೆ ಗಾಜಿನ ಲೋಟಗಳನ್ನು ಜೋಡಿಸಿದ್ದಾಳೆ, ಲೈಟು ಹಾಕಿದರೆ ಚೆನ್ನಾಗಿ ಕಾಣುತ್ತವೆ.

ಇನ್ನೊಂದು ಮಾತು ಉಳಿದಿದೆ, ಅದಕ್ಕೇ ಇದನ್ನು ಬರೆದಿಡುತ್ತಿರುವುದು. ನಾನು ಸತ್ತಾಗ ಕಂಪ್ಲಿಯಲ್ಲಿ ಅಡಿಗಲ್ಲು ಮಲಗಿಸಬಾರದು. ನನ್ನ ಪಾಲಿನದು ಒಮ್ಮೆ ಮಲಗಿ ಎದ್ದಾಗಿದೆ. ಮಗಳು, ಕತ್ತಿ ಬಾಕಿ ಇದ್ದರೆ ಮುಗಿಸಿ, ಕೈ ತೊಳೆದು, ಬಸ್ಸು ಹತ್ತಿ ಬರಲಿ. ನಾನು ಕಾಯುತ್ತೇನೆ, ನನಗೇನು ಅವಸರ.

ಮಗನಿಗೂ ಒಂದು. ಹೋದ ಭಾನುವಾರ ನಾನೂ ಹೋಗಿ ಕೂತು ನೋಡಿದೆ. ಅಕ್ಕ ಟಕ್ ಅಂದ ಮೇಲೆ ನಿನ್ನ ಏಟು ಒಂದು ಉಸಿರು ತಡವಾಗಿ ಬೀಳುತ್ತದೆ. ಅಷ್ಟರಲ್ಲಿ ಕಬ್ಬಿಣ ಆರುತ್ತದೆ. ಅವಳ ಮುಖ ನೋಡಬೇಡ, ಸುತ್ತಿಗೆ ನೋಡು.